ಮೂಲವ್ಯಾಧಿಗೆ ರಬ್ಬರ್ ಬ್ಯಾಂಡೋ, ಕತ್ತರಿಯೋ, ಲೇಸರೋ?

ನಮ್ಮ ರಾಯದುರ್ಗದ ಕಡೆ ತೆಲುಗಿನವರು ಇದಕ್ಕೆ ‘ಮೊಲಲು’ ಅಂತಾರೆ, ಕನ್ನಡದವರು ‘ಮೊಳೆ ರೋಗ’ ಅಂತಾರೆ. ಎರಡು ಭಾಷೆಯಲ್ಲೂ ಹೆಸರಿದೆ, ಎರಡರಲ್ಲೂ ಬಾಯಿಬಿಟ್ಟು ಹೇಳುವವರಿಲ್ಲ. ಹೊಲದಲ್ಲಿ ದುಡಿಯುವವನಿಗೂ ಬರುತ್ತದೆ, ದಿನವಿಡೀ ಮಿಷನ್ ಮುಂದೆ ಕೂತು ಜೀನ್ಸ್ ಹೊಲಿಯುವವನಿಗೂ ಬರುತ್ತದೆ, ಆದೋನಿಯ ಹತ್ತಿ ಮಂಡಿಯಲ್ಲಿ ಗಾದಿ ಬಿಟ್ಟೇಳದ ಸಾವ್ಕಾರನನ್ನೂ ಬಿಡುವುದಿಲ್ಲ. ಬಸುರಿ ಹೆಂಗಸರಿಗಂತೂ ಬಹಳ. ಮನೆಯವರಿಗೂ ಹೇಳದೆ ವರ್ಷಗಟ್ಟಲೆ ರಕ್ತ ಕಳಕೊಂಡು, ಮುಖ ಬಿಳಿಚಿಕೊಂಡ ಮೇಲೆ, ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ‘ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ’ ಎಂಬ ಬೋರ್ಡು ನೋಡಿ ಒಳಗೆ ಹೋಗುತ್ತಾರೆ. ಅಲ್ಲಿ ಏನು ಚುಚ್ಚಿದರು ಅಂತ ಹೇಳುವುದಿಲ್ಲ, ರಸೀದಿಯೂ ಇಲ್ಲ. ಕೀವು ತುಂಬಿದ ಮೇಲೆ ಬಳ್ಳಾರಿಗೋ ಅನಂತಪುರಕ್ಕೋ ಓಡಬೇಕು.

ಇನ್ನೊಂದು ಕಡೆ ದೊಡ್ಡ ಊರಿನ ಲೇಸರ್ ಜಾಹೀರಾತು. ನೋವಿಲ್ಲ, ಮರುದಿನವೇ ಮನೆ ಅಂತಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಮೊಳೆ ಮತ್ತೆ ಬರುತ್ತದೋ ಇಲ್ಲವೋ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ದುಡ್ಡು ಕಟ್ಟುವವರು ನಾವು, ನಾವೇ ಕೇಳಬೇಕು.

ಮೊದಲು ರೋಗದ ಹಂತ ತಿಳಿಯಬೇಕು. ಡಾಕ್ಟರರು ಒಳಮೊಳೆಯನ್ನು 4 ಹಂತ ಮಾಡಿದ್ದಾರೆ. ಮೊದಲನೆಯದರಲ್ಲಿ ರಕ್ತ ಬರಬಹುದು, ಗಂಟು ಹೊರಗೆ ಬರದು. ಎರಡನೆಯದರಲ್ಲಿ ಮುಕ್ಕಿದಾಗ ಬಂದು ತಾನೇ ಒಳಗೆ ಹೋಗುತ್ತದೆ. ಮೂರನೆಯದರಲ್ಲಿ ಬೆರಳಿನಿಂದ ತಳ್ಳಬೇಕು. ನಾಲ್ಕನೆಯದು ತಳ್ಳಿದರೂ ಹೋಗದು. ಮೊದಲೆರಡು ಹಂತದವರಲ್ಲಿ ಬಹಳ ಮಂದಿಗೆ ಕತ್ತರಿಯೇ ಬೇಡ. ನಾರಿನ ಊಟ, ಸಾಕಷ್ಟು ನೀರು, ಇಸಬ್‌ಗೋಲು, ಕಕ್ಕಸಿನಲ್ಲಿ ಫೋನು ಹಿಡಿದು ಅರ್ಧ ಗಂಟೆ ಕೂರುವುದನ್ನು ಬಿಡುವುದು, ಇಷ್ಟರಲ್ಲೇ ತಗ್ಗುತ್ತದೆ.

ತಗ್ಗದಿದ್ದರೆ ರಬ್ಬರ್ ಬ್ಯಾಂಡು. ಒಳಮೊಳೆಯ ಬುಡಕ್ಕೆ ಚಿಕ್ಕ ರಬ್ಬರ್ ಉಂಗುರ ಹಾಕುತ್ತಾರೆ. ರಕ್ತ ಸಿಗದೆ ಗಂಟು ಒಣಗಿ ವಾರ ಹತ್ತು ದಿನದಲ್ಲಿ ಉದುರುತ್ತದೆ. ಮತ್ತು ಬರುವ ಮದ್ದು ಬೇಡ, ಮಂಚ ಬೇಡ, ಅದೇ ದಿನ ಊರಿಗೆ ಬಸ್ಸು ಹತ್ತಬಹುದು. ಖರ್ಚೂ ಕಡಿಮೆ. ಆದರೆ ಎರಡು ಮೂರು ಸಲ ಹೋಗಬೇಕಾಗಬಹುದು. ಬ್ಯಾಂಡ್ ಹಾಕಿದ ಮೇಲೆ ಜ್ವರ ಬಂದರೆ, ನೋವು ಏರುತ್ತಾ ಹೋದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ಬ್ರಿಟನ್ನಿನಲ್ಲಿ 372 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ಬ್ಯಾಂಡನ್ನು, ಮೊಳೆಗೆ ಹೋಗುವ ರಕ್ತನಾಳವನ್ನು ಯಂತ್ರದಿಂದ ಹುಡುಕಿ ಹೊಲಿಗೆ ಹಾಕಿ ಕಟ್ಟುವ ಹೊಸ ವಿಧಾನಕ್ಕೆ ಹೋಲಿಸಿದರು. ಒಂದು ವರ್ಷದಲ್ಲಿ ಬ್ಯಾಂಡಿನವರಲ್ಲಿ ನೂರಕ್ಕೆ 49 ಮಂದಿಗೆ, ಹೊಸದರವರಲ್ಲಿ 30 ಮಂದಿಗೆ ತೊಂದರೆ ಮರುಕಳಿಸಿತು. ಆದರೆ ಬ್ಯಾಂಡನ್ನು ಇನ್ನೊಂದು ಸಲ ಹಾಕಿಸಿಕೊಂಡವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಹೊಸದಕ್ಕೆ ದುಡ್ಡು ಹೆಚ್ಚು, ನೋವೂ ಹೆಚ್ಚು. ನನಗಂತೂ ಈ ಲೆಕ್ಕ ಬೀಜದ ಅಂಗಡಿ ನೆನಪಿಗೆ ತಂದಿತು. ಹೊಸ ಚೀಟಿ ಅಂಟಿಸಿದ್ದೆಲ್ಲ ಹೆಚ್ಚು ಇಳುವರಿ ಕೊಡುವುದಿಲ್ಲ.

ಮೂರನೆಯ ಹಂತದ ದೊಡ್ಡ ಗಂಟು, ನಾಲ್ಕನೆಯ ಹಂತ, ಹೊರಮೊಳೆಯೂ ಕೂಡಿದ್ದರೆ ಹಳೆಯ ಕತ್ತರಿ ಆಪರೇಷನ್ನೇ ಗಟ್ಟಿ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್, ಮಾರ್ಗನ್ ಎಂಬ ಡಾಕ್ಟರರು 1937ರಲ್ಲಿ ಬರೆದಿಟ್ಟ ವಿಧಾನ. ಬೆನ್ನಿಗೆ ಸೂಜಿ ಕೊಟ್ಟು, ಗಂಟು ಕತ್ತರಿಸಿ, ಗಾಯ ತಾನೇ ಮಾಯಲೆಂದು ತೆರೆದೇ ಬಿಡುತ್ತಾರೆ. ಮೊದಲ ವಾರ ನೋವು ಜೋರು, ಮೊದಲ ಸಲ ಬಯಲಿಗೆ ಹೋಗುವಾಗ ಕಣ್ಣೀರು ಬರುತ್ತದೆ. ಇದನ್ನು ಮುಚ್ಚಿಡುವ ಡಾಕ್ಟರರಿಗಿಂತ ಹೇಳುವವರು ಮೇಲು. ಗಾಯ ಪೂರ್ತಿ ಮಾಯಲು ತಿಂಗಳು, ಒಂದೂವರೆ ತಿಂಗಳು ಬೇಕು. ದಿನಕ್ಕೆ ಎರಡು ಮೂರು ಸಲ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಬೇಕು, ಮಲ ಮೆತ್ತಗಿರಲು ಔಷಧಿ ತಗೊಳ್ಳಬೇಕು.

ಸ್ಟೇಪ್ಲರ್ ವಿಧಾನವನ್ನು ಇಟಲಿಯ ಲಾಂಗೋ ಎಂಬ ಡಾಕ್ಟರು 1990ರ ದಶಕದಲ್ಲಿ ತಂದರು. ಮೊಳೆಯ ಮೇಲಿನ ಒಳಚರ್ಮವನ್ನು ಸುತ್ತ ಕತ್ತರಿಸಿ ಪಿನ್ನು ಹೊಡೆದು ಗಂಟನ್ನು ಮೇಲಕ್ಕೆಳೆಯುತ್ತಾರೆ. ನೋವು ಕಡಿಮೆ, ಬೇಗ ಕೆಲಸಕ್ಕೆ ಹೋಗಬಹುದು. ಆದರೆ ಆ ಯಂತ್ರ ಒಬ್ಬರಿಗೆ ಒಂದು, ಬಳಸಿ ಬಿಸಾಡಬೇಕು, ಆದ್ದರಿಂದ ಬಿಲ್ಲು ಏರುತ್ತದೆ. 2016ರಲ್ಲೇ ಪ್ರಕಟವಾದ 777 ರೋಗಿಗಳ ಮತ್ತೊಂದು ಬ್ರಿಟಿಷ್ ಪರೀಕ್ಷೆಯಲ್ಲಿ, ಎರಡು ವರ್ಷದ ಮೇಲೆ ಕೇಳಿದಾಗ ಮೊಳೆ ಮರಳಿದೆ ಅಂದವರು ಸ್ಟೇಪ್ಲರಿನವರಲ್ಲಿ ನೂರಕ್ಕೆ 42, ಕತ್ತರಿಯವರಲ್ಲಿ 25. ಮೊದಲ ವಾರಗಳಲ್ಲಿ ಸ್ಟೇಪ್ಲರ್ ಗೆದ್ದಿತು, ಎರಡು ವರ್ಷದ ಲೆಕ್ಕದಲ್ಲಿ ಕತ್ತರಿ ಗೆದ್ದಿತು.

ಲೇಸರಿನಲ್ಲಿ ಸಣ್ಣ ಕಡ್ಡಿಯನ್ನು ಗಂಟಿನೊಳಗೆ ತೂರಿಸಿ ಶಾಖದಿಂದ ಕುಗ್ಗಿಸುತ್ತಾರೆ. ಎರಡನೆಯ ಹಂತಕ್ಕೆ, ಮೂರನೆಯದರಲ್ಲಿ ಚಿಕ್ಕದಕ್ಕೆ ಹೊಂದುತ್ತದೆ. ನೋವು ಕಡಿಮೆಯೆಂಬುದು ಸುಳ್ಳಲ್ಲ. ಆದರೆ ಕತ್ತರಿಗಿಂತ ಮರುಕಳಿಸುವುದು ಹೆಚ್ಚು. ನಾಲ್ಕನೆಯ ಹಂತದವನಿಗೂ ಲೇಸರೇ ಸಾಕು ಅಂದರೆ ಇನ್ನೊಬ್ಬ ಸರ್ಜನ್ನರನ್ನು ಕೇಳಿರಿ. ಬ್ಯಾಂಡಿಗೆ ಬಗ್ಗುವ ಮೊಳೆಗೆ ಲೇಸರೆಂದು ಎಮ್ಮೆ ಮಾರುವುದೂ ಬೇಡ.

ಕ್ಷಾರಸೂತ್ರದ ಮಾತೂ ಬರುತ್ತದೆ. 1991ರಲ್ಲಿ ಪ್ರಕಟವಾದ ಐಸಿಎಂಆರ್ ಪರೀಕ್ಷೆಯಲ್ಲಿ ಅದು ಒಳ್ಳೆಯ ಫಲ ಕೊಟ್ಟದ್ದು ಭಗಂದರಕ್ಕೆ, ಅಂದರೆ ಫಿಸ್ಟುಲಾಕ್ಕೆ. ಅದು ಬೇರೆ ರೋಗ. ಚರ್ಮ ಸೀಳುವ ಫಿಶರ್ ಕೂಡ ಬೇರೆ. ನಮ್ಮವರು ಮೂರನ್ನೂ ಪೈಲ್ಸು ಅಂತಾರೆ, ಅದಕ್ಕೇ ಅರ್ಹ ಸರ್ಜನ್ನರ ಕೈಯಲ್ಲಿ ಪರೀಕ್ಷೆ ಮೊದಲು.

ರಕ್ತ ಬಂದದ್ದೆಲ್ಲ ಮೊಳೆಯೂ ಅಲ್ಲ. ನಲವತ್ತೈದು ದಾಟಿದವರು, ತೂಕ ಇಳಿದವರು, ಮಲದ ರೂಢಿ ಬದಲಾದವರು, ರಕ್ತ ಮಲದಲ್ಲಿ ಬೆರೆತು ಬರುವವರು ಕರುಳಿನ ದುರ್ಬೀನು ಪರೀಕ್ಷೆಯ ಬಗ್ಗೆ ಕೇಳಲೇಬೇಕು. ಕರುಳಿನ ಕ್ಯಾನ್ಸರನ್ನು ಪೈಲ್ಸೆಂದು ಮುಲಾಮು ಹಚ್ಚಿಕೊಂಡು ಕಾಲ ಕಳೆದವರಿದ್ದಾರೆ. ಹೃದಯಕ್ಕೆ ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು ಅದನ್ನು ಮೊದಲೇ ಹೇಳಿರಿ.

ಕತ್ತರಿ ಆಪರೇಷನ್ನೇ ಆಗಬೇಕೆಂದಾದರೆ, ಅವಸರವಿಲ್ಲವೆಂದು ಡಾಕ್ಟರು ಹೇಳಿದರೆ, ಕಡಲೆಕಾಯಿ ಕಿತ್ತು ಮುಗಿದ ಮೇಲೆ ದಿನ ಗೊತ್ತುಮಾಡಿಕೊಳ್ಳಿರಿ. ಬಿತ್ತನೆ ಹೊತ್ತಿಗೆ ಮೂಟೆ ಎತ್ತಬೇಕಾಗುತ್ತದೆ. ಸರ್ಕಾರಿ ಯೋಜನೆಯಲ್ಲಿ ಯಾವುದು ಸೇರಿದೆ ಎಂಬುದು ರಾಜ್ಯಕ್ಕೊಂದು ತರಹ. ನಮ್ಮ ಆಂಧ್ರದ ಕಾರ್ಡು ಬಳ್ಳಾರಿಯಲ್ಲಿ ನಡೆಯುತ್ತದೋ ಇಲ್ಲವೋ ಎಂಬುದನ್ನು ಹೊರಡುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿರಿ.