ಆನ್‌ಲೈನ್ ಪರೀಕ್ಷೆ: ಅಡುಗೆಗಿಂತ ಬಡಿಸುವುದೇ ಕಷ್ಟ

ಕಳೆದ ಸಲ ಬಳಗದ ಓದುಕೂಟ ಮುಗಿದು ಎಲ್ಲರೂ ಕಾಫಿ ಹೀರುತ್ತಿದ್ದಾಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಈಗ ಪರೀಕ್ಷೆ ಎಲ್ಲಾ ಕಂಪ್ಯೂಟರಿನಲ್ಲೇ ಅಂತೆ. ಅದೇ ತಿದ್ದುತ್ತೆ, ಅದೇ ಮಾರ್ಕ್ಸ್ ಹಾಕುತ್ತೆ. ನಿಮ್ಮಂಥ ಮೇಷ್ಟ್ರುಗಳಿಗೆ ಇನ್ನೇನು ಕೆಲಸ, ಕಾಲು ಚಾಚಿ ಕೂರೋದು ತಾನೇ?" ಬಳಗದಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವವರು ನಾವು ಮೂರ್ನಾಲ್ಕು ಮಂದಿ ಇದ್ದೇವೆ. ಆಗ ನಕ್ಕು ಸುಮ್ಮನಾದೆವು. ಅಂದು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇವೆ.

ನಮ್ಮ ಕಾಲದ ಪರೀಕ್ಷೆ ನಿಮಗೆಲ್ಲ ನೆನಪಿದೆ. ಹಾಲ್ ಟಿಕೆಟ್, ಜಾಮಿಟ್ರಿ ಬಾಕ್ಸ್, ಅಡಿಷನಲ್ ಶೀಟಿಗೆ ದಾರ ಕಟ್ಟುವ ಕೊನೆಯ ಐದು ನಿಮಿಷದ ಗಡಿಬಿಡಿ. ಅಲ್ಲಿ ಪ್ರಶ್ನೆಪತ್ರಿಕೆ ತೆಗೆಯುವವರೇ ದೊಡ್ಡವರು. ಕೊಠಡಿಯ ಮೇಲ್ವಿಚಾರಕರು ಬರೀ ಹಂಚುವವರು ಅಂದುಕೊಂಡಿದ್ದೆವು. ಆದರೆ ಗಡಿಯಾರ ನಿಂತರೆ, ಪೆನ್ನಿನ ಶಾಯಿ ಮುಗಿದರೆ, ಯಾರಿಗಾದರೂ ತಲೆಸುತ್ತು ಬಂದರೆ ಸಂಭಾಳಿಸುತ್ತಿದ್ದವರು ಅವರೇ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆನ್‌ಲೈನ್ ಪರೀಕ್ಷೆಯಲ್ಲಿ ಆ ಬಡಿಸುವ ಕೆಲಸವೆಲ್ಲ 'ಸೆಟ್ಟಿಂಗ್ಸ್' ಎಂಬ ಒಂದು ಪುಟಕ್ಕೆ ಇಳಿದಿದೆ. ಅಲ್ಲಿ ಹತ್ತಾರು ಚೌಕಗಳು, ಟಿಕ್ ಮಾಡಬೇಕು ಇಲ್ಲವೇ ಬಿಡಬೇಕು. ಒಂದೊಂದು ಟಿಕ್ಕಿನ ಹಿಂದೆಯೂ ಯಾವುದೋ ವಿದ್ಯಾರ್ಥಿಯ ಪಾಡು ಇರುತ್ತದೆ.

ಇದಕ್ಕೆ ಬಳಸುವ ತಂತ್ರಾಂಶಗಳು ಹಲವು: ಬ್ಲ್ಯಾಕ್‌ಬೋರ್ಡ್, ಕ್ಯಾನ್ವಾಸ್, ಮೂಡಲ್. ನಮಗೆ ಚೆನ್ನಾಗಿ ಗೊತ್ತಿರುವುದು ಮೂಡಲ್. ಹೆಸರು ನಮ್ಮ 'ಮೂಡಲ ಮನೆ'ಯನ್ನು ನೆನಪಿಸಿದರೂ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಮಾರ್ಟಿನ್ ಡುಗಿಯಾಮಸ್ ಎಂಬವರು ರೂಪಿಸಿದ ಇದರ ಮೊದಲ ಆವೃತ್ತಿ 2002ರಲ್ಲಿ ಬಂತು. ಮುಕ್ತ ತಂತ್ರಾಂಶವಾದ್ದರಿಂದ ಯಾರು ಬೇಕಾದರೂ ಇಳಿಸಿಕೊಂಡು ನಡೆಸಬಹುದು.

ಮೊದಲ ಕೆಲಸ ಪ್ರಶ್ನೆಗಳ ಕಣಜ ತುಂಬಿಸುವುದು. ಪಾಠವಾರು, ಕಷ್ಟವಾರು ವಿಂಗಡಿಸಿ ಪ್ರಶ್ನೆಗಳನ್ನು ಹಾಕಿಟ್ಟರೆ ಯಂತ್ರ ಒಬ್ಬೊಬ್ಬರಿಗೆ ಒಂದೊಂದನ್ನು ಎತ್ತಿ ಕೊಡುತ್ತದೆ. ಪಕ್ಕದವರದ್ದು ನೋಡಿ ಬರೆಯುವುದು ಕಷ್ಟವಾಗುತ್ತದೆ, ಸರಿ. ಆದರೆ ಒಂದೇ ಗುಂಪಿನಲ್ಲಿ ಸುಲಭದ್ದನ್ನೂ ಕಠಿಣದ್ದನ್ನೂ ಬೆರೆಸಿಟ್ಟರೆ ಒಬ್ಬರಿಗೆ ಹೋಳಿಗೆ, ಇನ್ನೊಬ್ಬರಿಗೆ ಬರೀ ತಿಳಿಸಾರು ಆಗಿಬಿಡುತ್ತದೆ.

ಎರಡನೆಯದು ಎಷ್ಟು ಪ್ರಶ್ನೆ ಕೇಳಬೇಕು ಎನ್ನುವುದು. ಇಲ್ಲಿನ ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ 40 ಅಂಕ ಬಂದರೆ ಪಾಸು. ನಾಲ್ಕು ಆಯ್ಕೆಗಳಿರುವ 10 ಪ್ರಶ್ನೆ ಕೊಟ್ಟೆವೆನ್ನಿ. ಪುಸ್ತಕವನ್ನೇ ತೆರೆಯದವರು ಕಣ್ಣುಮುಚ್ಚಿ ಒತ್ತಿದರೂ 100ರಲ್ಲಿ ಸುಮಾರು 22 ಮಂದಿ ನಾಲ್ಕು ಸರಿಯುತ್ತರ ಮುಟ್ಟಿ ಪಾಸಾಗುತ್ತಾರೆ. ಪ್ರಶ್ನೆಗಳನ್ನು 20 ಮಾಡಿ, ಅಂಥವರು 10ಕ್ಕೆ ಇಳಿಯುತ್ತಾರೆ. ತಪ್ಪಿಗೆ ಮೂರನೇ ಒಂದು ಅಂಕ ಕಳೆದರೆ ಊಹೆಯಿಂದ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಅಂಜುಬುರುಕ ಮಕ್ಕಳು ಗೊತ್ತಿದ್ದುದನ್ನೂ ಬಿಟ್ಟು ಬರುತ್ತಾರೆ. ಹಾಗಾಗಿ ಅಂಕ ಕಳೆಯುವ ಬದಲು ಪ್ರಶ್ನೆ ಹೆಚ್ಚಿಸುವುದೇ ನಮಗೆ ಲೇಸೆನಿಸಿದೆ.

ಮೂರನೆಯದು ಉತ್ತರ ಯಾವಾಗ ತೋರಿಸಬೇಕು ಎನ್ನುವುದು. ಬರೆಯುವಾಗ, ಬರೆದ ಕೂಡಲೇ, ಪರೀಕ್ಷೆ ಇನ್ನೂ ತೆರೆದಿರುವಾಗ, ಮುಚ್ಚಿದ ಮೇಲೆ, ಹೀಗೆ ನಾಲ್ಕು ಘಟ್ಟಗಳಿಗೂ ಬೇರೆ ಬೇರೆ ಟಿಕ್ಕು. ಒಂದು ದಿನವಿಡೀ ತೆರೆದಿರುವ ಪರೀಕ್ಷೆಯಲ್ಲಿ 'ಬರೆದ ಕೂಡಲೇ' ಎನ್ನುವಲ್ಲಿ ಸರಿಯುತ್ತರದ ಟಿಕ್ಕು ಉಳಿದುಹೋದರೆ, ಬೆಳಿಗ್ಗೆ ಮುಗಿಸಿದವರ ವಾಟ್ಸಪ್ಪು ಮಧ್ಯಾಹ್ನ ಕೂರುವವರಿಗೆ ಗೈಡ್ ಆಗುತ್ತದೆ.

ಸಣ್ಣ ಉತ್ತರದ ಪ್ರಶ್ನೆಗಳ ಕಷ್ಟ ನಮಗೆ ಅರ್ಥವಾದದ್ದು ವಿಶ್ವವಿದ್ಯಾಲಯದಲ್ಲಲ್ಲ, ನಮ್ಮದೇ ಭಾನುವಾರದ ಕನ್ನಡ ತರಗತಿಯಲ್ಲಿ. ರಾಜ್ಯೋತ್ಸವದ ರಸಪ್ರಶ್ನೆಯನ್ನು ಮೂಡಲ್‌ನಲ್ಲಿ ಇಟ್ಟಿದ್ದೆವು. 'ಬಂಗಾರದ ಮನುಷ್ಯ ಚಿತ್ರದ ನಾಯಕ ನಟ ಯಾರು?' ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ಕಷ್ಟಪಟ್ಟು ಫೋನಿನಲ್ಲಿ ಕನ್ನಡದಲ್ಲೇ ಉತ್ತರ ಕುಟ್ಟಿದಳು. ಯಂತ್ರ ತಪ್ಪು ಎಂದಿತು! ಪಕ್ಕದಲ್ಲಿದ್ದ ಅವಳ ತಾತ, "ಅಣ್ಣಾವ್ರಿಗೇ ಸೊನ್ನೆ ಕೊಟ್ರೇನ್ರಪ್ಪಾ!" ಎಂದು ಎದ್ದೇ ನಿಂತರು. ಆಮೇಲೆ ನೋಡಿದರೆ, ಕೊನೆಯ 'ರ್' ಆದ ಮೇಲೆ ಅವಳ ಕೀಲಿಮಣೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸಿತ್ತು. ಪಕ್ಕದ ಅಕ್ಷರ ಒತ್ತಾಗದಂತೆ ತಡೆಯಲು ಯೂನಿಕೋಡ್‌ನಲ್ಲಿರುವ ಸಂಕೇತ ಅದು. ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆ. ಉತ್ತರದ ಹಿಂದೆ ಮುಂದೆ ಏನಿದ್ದರೂ ಪರವಾಗಿಲ್ಲ ಎನ್ನುವ ನಕ್ಷತ್ರ ಚಿಹ್ನೆಯೊಂದನ್ನು ಹಾಕಿದ್ದರೆ ಸಾಕಿತ್ತು. ಯಂತ್ರ ಉತ್ತರ ಓದುವುದಿಲ್ಲ, ಅಕ್ಷರ ಹೋಲಿಸುತ್ತದೆ. ಈ ಮಾತು ಇಂಗ್ಲಿಷಿನ ಪರೀಕ್ಷೆಗೂ ಅಷ್ಟೇ ನಿಜ.

ಇನ್ನು ಗಡಿಯಾರದ ವಿಷಯ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ವಿದ್ಯಾರ್ಥಿಗಳು ಊರುಗಳಿಗೆ ಹೊರಟುಹೋದರು. ಮೇ ತಿಂಗಳ ಪರೀಕ್ಷೆಯನ್ನು ಕೆಲವರು ಬೆಂಗಳೂರಿನಲ್ಲಿ, ಹಾಸನದಲ್ಲಿ ಕುಳಿತು ಬರೆದರು. ಇಲ್ಲಿನ ಬೆಳಿಗ್ಗೆ 10 ಅಂದರೆ ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ 2.30, ಚಳಿಗಾಲದಲ್ಲಿ 3.30. ನಾವು ಮಿಂಚಂಚೆಯಲ್ಲಿ '10 ಗಂಟೆ' ಎಂದು ಬರೆದಿದ್ದೆವು. ಮೂಡಲ್ ಆಯಾ ವಿದ್ಯಾರ್ಥಿಯ ಖಾತೆಯಲ್ಲಿರುವ ಕಾಲಮಾನದಂತೆ '2.30' ಎಂದು ತೋರಿಸುತ್ತದೆ. ಯಾವುದನ್ನು ನಂಬುವುದು? ಅಂದಿನಿಂದ ಯಾವ ಊರಿನ ಗಂಟೆ ಎಂದು ಬರೆಯದೆ ನಾವು ಸಮಯ ಹೇಳುವುದಿಲ್ಲ. ಆ ವರ್ಷ ಹಲವು ವಿಶ್ವವಿದ್ಯಾಲಯಗಳು 24 ಗಂಟೆಗಳ ಅವಧಿ ಕೊಟ್ಟದ್ದಕ್ಕೆ ಕರೆಂಟು, ಇಂಟರ್ನೆಟ್ಟು, ಒಂದೇ ಕಂಪ್ಯೂಟರಿಗೆ ಮನೆಯಲ್ಲಿ ಮೂವರು, ಎಲ್ಲವೂ ಕಾರಣ.

ಈಗ ನಮ್ಮನ್ನು ಇಂದಿಗೂ ಚುಚ್ಚುವ ಸಂಗತಿ. ನಮ್ಮ ತರಗತಿಯಲ್ಲೊಬ್ಬಳು ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿನಿ. ಇಂಥವರಿಗೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು ಇಲ್ಲಿ 2010ರ ಸಮಾನತಾ ಕಾಯ್ದೆ ಹೇಳುತ್ತದೆ. ಅವಳಿಗೆ ಶೇಕಡಾ 25ರಷ್ಟು ಹೆಚ್ಚು ಸಮಯ, ಅಂದರೆ ಎರಡು ಗಂಟೆಗೆ ಅರ್ಧ ಗಂಟೆ ಸೇರಿ ಎರಡೂವರೆ. ಅವಳ ಹೆಸರಿನ ಮುಂದೆ ಅವಧಿಯನ್ನು ಎರಡೂವರೆ ಗಂಟೆಗೆ ಬದಲಿಸಿದೆವು. ಆದರೆ ಪರೀಕ್ಷೆ ಮುಚ್ಚುವ ವೇಳೆ ಎಂದು ಇನ್ನೊಂದು ಸಾಲಿದೆ. ಅದು ಎಲ್ಲರಿಗೂ ಇದ್ದಂತೆ 12 ಗಂಟೆಗೇ ಉಳಿದಿತ್ತು. ಎರಡು ಆಜ್ಞೆಗಳು ತಾಕಲಾಡಿದರೆ ಯಂತ್ರ ಮೊದಲು ಬಂದ ಗಡುವಿಗೆ ಬಾಗಿಲು ಹಾಕುತ್ತದೆ. ಹಾಕಿತು. ಅವಳು ದೊಡ್ಡ ಪ್ರಶ್ನೆಗಳನ್ನು ಆ ಕೊನೆಯ ಅರ್ಧ ಗಂಟೆಗೆಂದೇ ಇಟ್ಟುಕೊಂಡಿದ್ದಳು. 12.04ಕ್ಕೆ ಅವಳ ಮಿಂಚಂಚೆ ಬಂತು: "ನಾನೇನಾದರೂ ತಪ್ಪು ಒತ್ತಿದೆನೇ?"

ತಪ್ಪು ಒತ್ತಿದ್ದು ನಾವು. ಪರೀಕ್ಷಾ ಮಂಡಳಿಯ ಮುಂದೆ ಹಾಗೆಂದೇ ಬರೆದುಕೊಟ್ಟೆವು. ಅವಳಿಗೆ ಆಗಸ್ಟಿನಲ್ಲಿ ಹೊಸ ಪ್ರಶ್ನೆಪತ್ರಿಕೆ ಸಿಕ್ಕಿತು, ಪಾಸೂ ಆದಳು. ಆದರೆ ಆ ಬೇಸಿಗೆ ರಜೆಯನ್ನು ಅವಳಿಗೆ ಯಾರು ಹಿಂದಿರುಗಿಸುತ್ತಾರೆ? ತಪ್ಪು ತನ್ನದೇ ಎಂದು ಮೊದಲು ಅವಳಿಗೆ ಅನ್ನಿಸಿತಲ್ಲ, ಅದಕ್ಕೆ ಪರಿಹಾರ ಯಾವ ಮಂಡಳಿಯಲ್ಲಿದೆ?

ಪರೀಕ್ಷೆ ಮುಗಿದ ಮೇಲೂ ಕೆಲಸವಿದೆ. ಪ್ರತಿ ಪ್ರಶ್ನೆಗೆ ಶೇಕಡಾ ಎಷ್ಟು ಮಂದಿ ಸರಿಯುತ್ತರ ಕೊಟ್ಟರು, ಒಟ್ಟಾರೆ ಚೆನ್ನಾಗಿ ಬರೆದವರೇ ಅದನ್ನೂ ಸರಿ ಮಾಡಿದರೇ ಎಂದು ಮೂಡಲ್ ಲೆಕ್ಕ ಕೊಡುತ್ತದೆ. ಜಾಣರೆಲ್ಲ ತಪ್ಪಿ, ಉಳಿದವರು ಸರಿ ಮಾಡಿದ್ದರೆ ನಾವು ಕೊಟ್ಟ ಉತ್ತರವೇ ತಪ್ಪಿರುವ ಸಂಭವ ಹೆಚ್ಚು. ಆಗ ತಿದ್ದಿ, ಎಲ್ಲರ ಅಂಕಗಳನ್ನೂ ಮತ್ತೆ ಎಣಿಸಬೇಕು.

ಹಾಗಾದರೆ ಕಾಪಿ ಹೊಡೆಯುವುದು? 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಕುಳಿತು ಬರೆಯುವ ಪ್ರಬಂಧವನ್ನು ನಂಬುವುದು ಕಷ್ಟವಾಗಿದೆ, ನಿಜ. ಅದನ್ನು ಹಿಡಿಯುತ್ತೇವೆ ಎನ್ನುವ ತಂತ್ರಾಂಶಗಳೂ ಬಂದವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆಗಾರನನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಇಂಥ ಏಳು ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರಹ ಎಂದುಬಿಟ್ಟವು. ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ಇಂಗ್ಲಿಷನ್ನು ಜೋಪಾನವಾಗಿ ಬರೆಯುವ ನಮ್ಮಂಥವರ ಮಕ್ಕಳು, ಊರಿಂದ ಬರುವ ನಮ್ಮ ಅಣ್ಣ ತಮ್ಮಂದಿರ ಮಕ್ಕಳು, ಈ ಬಲೆಗೆ ಮೊದಲು ಬೀಳುವವರು. ಆದ್ದರಿಂದ ತಂತ್ರಾಂಶದ ಮಾತೊಂದನ್ನೇ ಹಿಡಿದು ನಾವು ಯಾರ ಮೇಲೂ ದೂರು ಹಾಕುವುದಿಲ್ಲ. ಅನುಮಾನ ಬಂದರೆ ಕರೆದು ಕೂರಿಸಿ ಹತ್ತು ನಿಮಿಷ ಮಾತನಾಡುತ್ತೇವೆ. ಸ್ವಂತ ಬರೆದವರು ತಮ್ಮ ವಾದದ ಕುಂದುಗಳನ್ನೂ ಹೇಳಬಲ್ಲರು.

ಈಗ ಪ್ರತಿ ಪರೀಕ್ಷೆಗೂ ನಮ್ಮದೊಂದು ಪದ್ಧತಿ ಇದೆ. ಒಬ್ಬರು ಸೆಟ್ಟಿಂಗ್ ಮಾಡಿದರೆ ಇನ್ನೊಬ್ಬರು ಒಂದೊಂದು ಸಾಲನ್ನೂ ಓದುತ್ತಾರೆ. ಹೆಚ್ಚು ಸಮಯದ ಪಟ್ಟಿಯಲ್ಲಿರುವ ಪ್ರತಿ ಹೆಸರಿಗೂ ಅವಧಿ, ಮುಚ್ಚುವ ವೇಳೆ, ಎರಡನ್ನೂ ಜೋರಾಗಿ ಓದಿ ಹೇಳುತ್ತೇವೆ. ವಾರ ಮೊದಲು ಅಂಕವಿಲ್ಲದ ಒಂದು ಮಾದರಿ ಪರೀಕ್ಷೆ ಇಡುತ್ತೇವೆ. ಪರೀಕ್ಷೆಯ ಹೊತ್ತಿನಲ್ಲಿ ಕೊನೆಯ ವಿದ್ಯಾರ್ಥಿ ಮುಗಿಸುವ ತನಕ ಒಬ್ಬರು ಫೋನಿನ ಪಕ್ಕ ಕೂತಿರುತ್ತೇವೆ. ಹಿರಿಯರೇ, ಕೂರುವುದು ನಿಜ, ಆದರೆ ಕಾಲು ಚಾಚಿ ಅಲ್ಲ.

ಅಂದ ಹಾಗೆ, ಕನ್ನಡ ತರಗತಿಯ ಮುಂದಿನ ರಸಪ್ರಶ್ನೆಯನ್ನು ಮಕ್ಕಳಿಗಿಂತ ಮೊದಲು ಬರೆದು ನೋಡಲು ಇಬ್ಬರು ಬೇಕಾಗಿದ್ದಾರೆ. ಇಬ್ಬರ ಫೋನಿನ ಕನ್ನಡ ಕೀಲಿಮಣೆ ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೆಯದು. ಒಬ್ಬರಂತೂ ಆ ತಾತನೇ ಆಗಲಿ ಎಂಬುದು ನಮ್ಮ ಆಸೆ.