ಕೆಂಪು ಗಾಜಿನ ಹಿಂದೆ ಯಾವ ಬಲ್ಬು?

ಕಬ್ಬಿನ ಸುಗ್ಗಿಯಲ್ಲಿ ಭಾಲ್ಕಿಯಿಂದಲೋ ಔರಾದಿನಿಂದಲೋ ರಾತ್ರಿ ಹೊತ್ತು ಬೀದರಿಗೆ ಬಂದವರಿಗೆ ಇದು ಹೊಸ ಅನುಭವವಲ್ಲ. ಖಾಲಿ ಎಂದುಕೊಂಡ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಕಬ್ಬು ತುಂಬಿದ ಟ್ರೇಲರಿನ ಬೆನ್ನು! ಹಿಂದಿನ ದೀಪ ಇದ್ದೂ ಇಲ್ಲದಂತೆ. ಕಾಲೇಜು ಮುಗಿಸಿ ಬೈಕಿನಲ್ಲಿ ಮರಳುವ ಹುಡುಗನಿಗೆ ಅದು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ.

ಹಳೆಯ ಬಲ್ಬು ಕಿತ್ತು ಎಲ್‌ಇಡಿ ಹಾಕಿಸುವುದು ಒಳ್ಳೆಯ ಯೋಚನೆಯೇ. ಕೊಳಾರ ಕೈಗಾರಿಕಾ ಪ್ರದೇಶಕ್ಕೆ ಸರಕು ತರುವ ಲಾರಿಯಾಗಲಿ, ಮನೆಯ ಟ್ರ್ಯಾಕ್ಟರಾಗಲಿ, ಕುಲುಕಾಟಕ್ಕೆ ತಂತಿ ಕಡಿಯುವ ಕಾಟ ತಪ್ಪುತ್ತದೆ. ಆದರೆ ಅಂಗಡಿಯಲ್ಲಿ, ‘ಬಿಳೀದೇ ಕೊಡ್ರಿ, ಗಾಜು ಹ್ಯಾಂಗೂ ಕೆಂಪಗದ’ ಎನ್ನುವವರಿದ್ದಾರೆ. ಲೆಕ್ಕ ತಪ್ಪುವುದು ಅಲ್ಲೇ.

ಕೆಂಪು ಗಾಜು ಕೆಂಪು ಬೆಳಕನ್ನು ಹುಟ್ಟಿಸುವುದಿಲ್ಲ. ಬಂದ ಬೆಳಕಿನಲ್ಲಿರುವ ಕೆಂಪನ್ನು ಬಿಟ್ಟು, ಉಳಿದದ್ದನ್ನು ನುಂಗುತ್ತದೆ. ಕಾದ ತಂತಿಯ ಬೆಳಕಿನಲ್ಲಿ ಕೆಂಪು ಧಾರಾಳ; ಅದಕ್ಕೇ ಹಳೆಯ ಬಲ್ಬು ಯಾವ ಗಾಜಿನ ಹಿಂದೆಯೂ ನಡೆಯುತ್ತಿತ್ತು. ಬಿಳಿ ಎಲ್‌ಇಡಿ ಎಂಬುದು ನಿಜಕ್ಕೂ ನೀಲಿ ಎಲ್‌ಇಡಿ! ಅದರ ಮೇಲಿನ ಹಳದಿ ಫಾಸ್ಫರ್ ಲೇಪ ನೀಲಿಯ ಒಂದಂಶವನ್ನು ಹಳದಿಯಾಗಿಸುತ್ತದೆ. ಎರಡೂ ಬೆರೆತು ಕಣ್ಣಿಗೆ ಬಿಳಿ ಎನಿಸುತ್ತದೆ. ಕೆಂಪಿನ ಪಾಲು ಅಲ್ಲಿ ಕಡಿಮೆ. ಕೆಂಪು ಗಾಜಿನ ಹಿಂದೆ ಅದನ್ನಿಟ್ಟರೆ ಬಹುಪಾಲು ಬೆಳಕು ಗಾಜಿನಲ್ಲೇ ಇಂಗಿಹೋಗುತ್ತದೆ. ಕಿತ್ತಳೆ ಗಾಜಿನ ಹಿಂದಿಟ್ಟರೆ ನಿಂಬೆಹಣ್ಣಿನ ಪೇಲವ ಹಳದಿ ಬರುತ್ತದೆ. ಆದ್ದರಿಂದ ಕೆಂಪಿಗೆ ಕೆಂಪು, ಕಿತ್ತಳೆಗೆ ಕಿತ್ತಳೆ, ಬಣ್ಣವಿಲ್ಲದ ಗಾಜಿಗೆ ಮಾತ್ರ ಬಿಳಿ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಹಳೆಯ ತಂತಿ ಬಲ್ಬಿನ ಟಾರ್ಚು ಒಂದು, ಎಲ್‌ಇಡಿ ಟಾರ್ಚು ಒಂದು, ಮೇಲೆ ಕೆಂಪು ಜಿಲೇಟಿನ್ ಕಾಗದ. ಯಾವುದರ ಬೆಳಕು ಹೆಚ್ಚು ಕುಗ್ಗಿತು? ನಿಕ್ ಹೊಲೊನ್ಯಾಕ್ 1962ರಲ್ಲೇ ಕೆಂಪು ಎಲ್‌ಇಡಿ ಮಾಡಿ ತೋರಿಸಿದ್ದರು. ಪ್ರಖರ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದಕ್ಕಾಗಿ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು.

ಕೊಳ್ಳುವಾಗ ವೋಲ್ಟೇಜು ನೋಡಿ. ದೊಡ್ಡ ಲಾರಿ, ಬಸ್ಸಿಗೆ ಸಾಮಾನ್ಯವಾಗಿ 24. ಟ್ರ್ಯಾಕ್ಟರು, ಕಾರಿಗೆ 12. ಹಾಕಿದ ಮೇಲೆ ಉರಿಯಲಿಲ್ಲವೆಂದು ಅಂಗಡಿಯವನೊಂದಿಗೆ ಜಗಳ ಬೇಡ, ತಿರುಗಿಸಿ ಹಾಕಿ. ಎಲ್‌ಇಡಿಗೆ ಪ್ಲಸ್ಸು-ಮೈನಸ್ಸು ಸರಿಯಾಗಿರಬೇಕು. ಇಂಡಿಕೇಟರು ಅವಸರವಾಗಿ ಮಿನುಗತೊಡಗಿದರೆ ಹಳೆಯ ಫ್ಲ್ಯಾಷರ್ ಮೋಸಹೋಗಿದೆ. ಕರೆಂಟು ಕಡಿಮೆಯಾದದ್ದಕ್ಕೆ ಬಲ್ಬೇ ಸುಟ್ಟಿದೆ ಎಂದು ಅದು ತಿಳಿಯುತ್ತದೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ ಹಾಕಿಸಬೇಕು. ತುದಿಯಲ್ಲಷ್ಟೇ ಬೆಳಗುವ ಬಲ್ಬಿಗಿಂತ ಸುತ್ತಲೂ ಬೆಳಗುವುದು ಲೇಸು. ಬಣ್ಣದ ಷೋಕಿಗೆಂದು ಮುಂದಕ್ಕೆ ಕೆಂಪು, ಹಿಂದಕ್ಕೆ ನೀಲಿ ಹಾಕಿಸುವವರಿಗೆ ಏನು ಹೇಳುವುದು? ವಾಹನ ಬರುತ್ತಿದೆಯೋ ಹೋಗುತ್ತಿದೆಯೋ ಎಂದು ಹಿಂದಿನವನಿಗೆ ಬಣ್ಣವೇ ಹೇಳಬೇಕು.

ಬ್ರೇಕಿನ ದೀಪವೂ ಹಿಂದಿನ ದೀಪವೂ ಒಂದೇ ಬಲ್ಬಿನಲ್ಲಿದ್ದರೆ ಇನ್ನೊಂದು ಪರೀಕ್ಷೆ ಉಂಟು. ಮುಸ್ಸಂಜೆ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ದೀಪ ಹಾಕಿ, ಮಗನನ್ನೋ ಮಗಳನ್ನೋ ನೂರು ಹೆಜ್ಜೆ ಹಿಂದೆ ನಿಲ್ಲಿಸಿ. ಬ್ರೇಕು ಒತ್ತಿದ್ದು ಅಲ್ಲಿಂದ ಗೊತ್ತಾಗಲಿಲ್ಲವೆಂದರೆ ಆ ಬಲ್ಬನ್ನು ಅಂಗಡಿಗೆ ಮರಳಿಸಿ.