ಮನೆಯ ಮುಂದಣ ಕಡಿದಾದ ಏರು ಮತ್ತು ತಗ್ಗುತಳದ ಗಾಲಿಕುರ್ಚಿ ವಾಹನ

ನಿಪ್ಪಾಣಿಯ ಸಮೀಪದ ತವಂದಿ ಘಾಟವನ್ನು ನಿರಾಯಾಸವಾಗಿ ಏರಿಬಂದ ವಾಹನವು ಮನೆಯ ಮುಂದಣ ಎರಡು ಮೂರು ಮಾರಿನ ಏರಿನಲ್ಲಿ ತಳವನ್ನು ಉಜ್ಜಿಕೊಂಡು ನಿಂತುಬಿಡುವುದುಂಟು. ಇದಕ್ಕೆ ಏರಿನ ಎತ್ತರವೇ ಕಾರಣವಲ್ಲ. ಪ್ರವಣತೆಯು ಒಮ್ಮೆಲೆ ಬದಲಾಗುವುದೇ ಕಾರಣ. ಘಾಟದ ರಸ್ತೆಯಲ್ಲಿ ಈ ಬದಲಾವಣೆ ದೀರ್ಘ ದೂರದಲ್ಲಿ ಹರಡಿರುತ್ತದೆ. ಮನೆಯ ಮುಂದೆ ಅದು ಒಂದೇ ಗೆರೆಯಲ್ಲಿ ಮುಗಿಯುತ್ತದೆ. ಈ ತತ್ತ್ವವನ್ನು ಗಾಲಿಕುರ್ಚಿಯವರನ್ನು ಕುಳಿತಂತೆಯೇ ಒಯ್ಯುವ ವಾಹನಕ್ಕೆ ಅನ್ವಯಿಸಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಕುರ್ಚಿಯಲ್ಲಿ ಕುಳಿತವರ ತಲೆ ಬಾಗಿಲಿಗೆ ತಾಕಬಾರದೆಂದೂ, ಹತ್ತಿಸುವ ಹಲಗೆ ಕಡಿದಾಗಬಾರದೆಂದೂ ಇಂಥ ವಾಹನಗಳ ನೆಲವನ್ನು ಹಲವೊಮ್ಮೆ ಕೆಳಗಿಳಿಸಿರುತ್ತಾರೆ. ಅದರಿಂದ ತಳಕ್ಕೂ ರಸ್ತೆಗೂ ನಡುವಣ ತೆರವು ಕುಗ್ಗುತ್ತದೆ. ಬ್ಯಾಟರಿಯ ಗಾಲಿಕುರ್ಚಿಯ ತೂಕವು 100 ಕಿಲೋಗ್ರಾಂ ಮೀರುವುದುಂಟಾದುದರಿಂದ, ತೆರವನ್ನು ಪೂರ್ಣ ಭಾರ ಹೊತ್ತಿರುವಾಗಲೇ ಅಳೆಯಬೇಕು.

ಉದಾಹರಣೆಗೆ, ಮುಂದಿನ ಹಾಗೂ ಹಿಂದಿನ ಗಾಲಿಗಳ ಅಂತರ 3 ಮೀಟರ್, ತೆರವು 12 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅಂಗಳವು ರಸ್ತೆಗಿಂತ 90 ಸೆಂಟಿಮೀಟರ್ ಎತ್ತರದಲ್ಲಿದ್ದು, ಏರಿನ ಉದ್ದ 4.5 ಮೀಟರ್ ಇದ್ದರೆ ಪ್ರವಣತೆ 100ಕ್ಕೆ 20. ಏರಿನ ನೆತ್ತಿಯು ಎರಡು ಗಾಲಿಗಳ ನಟ್ಟನಡುವೆ ಬಂದಾಗ ತಳವು ಕಳೆದುಕೊಳ್ಳುವ ತೆರವು, ಗಾಲಿಯಂತರದ ಕಾಲುಭಾಗವನ್ನು ಪ್ರವಣತೆಯ ವ್ಯತ್ಯಾಸದಿಂದ ಗುಣಿಸಿದಷ್ಟು. ಎಂದರೆ ಇಲ್ಲಿ 15 ಸೆಂಟಿಮೀಟರ್. ಇರುವುದು 12 ಮಾತ್ರ; ತಳವು ನೆಲಕ್ಕೆ ತಾಗಲೇಬೇಕು. ಏರಿನ ಬುಡದಲ್ಲಿ ಅಪಾಯ ವಾಹನದ ಮೂತಿಗೆ: ಮುಂದಿನ ಗಾಲಿಯಿಂದಾಚೆಗೆ ಅದು 90 ಸೆಂಟಿಮೀಟರ್ ಚಾಚಿದ್ದರೆ, 18 ಸೆಂಟಿಮೀಟರಿಗಿಂತ ಕೆಳಗಿರುವ ಅದರ ತುದಿಯು ಏರಿಗೆ ಬಡಿಯುವುದು.

ಪರಿಹಾರವು ಸರಳ. ಏರಿನ ಬುಡದಲ್ಲಿಯೂ ನೆತ್ತಿಯಲ್ಲಿಯೂ ಗಾಲಿಯಂತರದಷ್ಟು, ಎಂದರೆ 3 ಮೀಟರ್ ಉದ್ದದ, 100ಕ್ಕೆ 10ರ ಸೌಮ್ಯಭಾಗವನ್ನು ಸೇರಿಸಬೇಕು. ಈ ಎರಡರಿಂದ 60 ಸೆಂಟಿಮೀಟರ್ ಏರಿದಂತಾಗುತ್ತದೆ. ಉಳಿದ 30 ಸೆಂಟಿಮೀಟರನ್ನು ನಡುವಣ 1.5 ಮೀಟರಿನಲ್ಲಿ 100ಕ್ಕೆ 20ರಂತೆಯೇ ಏರಬಹುದು. ಒಟ್ಟು ಉದ್ದ 7.5 ಮೀಟರ್. ಆಗ ಪ್ರತಿಯೊಂದು ಮುರಿವಿನಲ್ಲಿ ನಷ್ಟವಾಗುವುದು 7.5 ಸೆಂಟಿಮೀಟರ್ ಮಾತ್ರ. ಮೂತಿಗೆ ಬೇಕಾದ ಎತ್ತರವೂ 9 ಸೆಂಟಿಮೀಟರಿಗೆ ಇಳಿಯುವುದು. ಹೆಚ್ಚುವರಿ ಉದ್ದವನ್ನು ಅಂಗಳವನ್ನು ಕೊರೆದು ಪಡೆಯಬೇಕೇ ಹೊರತು ರಸ್ತೆಯನ್ನಾಗಲಿ ಗಟಾರವನ್ನಾಗಲಿ ಆಕ್ರಮಿಸಿ ಅಲ್ಲ. ಗಟಾರದ ಮುಚ್ಚಳವು ರಸ್ತೆಯೊಂದಿಗೆ ಸಮವಾಗಿರಬೇಕು. ಉಬ್ಬಿದ ಕಲ್ಲುಚಪ್ಪಡಿ ಮತ್ತೊಂದು ಮುರಿವನ್ನು ಹುಟ್ಟಿಸುತ್ತದೆ.

ಈ ಭಾಗದ ಭೂಗುಣವನ್ನೂ ಗಮನಿಸಬೇಕು. ರಾಯಬಾಗ, ಅಥಣಿ, ಕಾಗವಾಡಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಕಾಂಕ್ರೀಟು ಎದ್ದು ಕುಸಿದು, ಲೆಕ್ಕಹಾಕಿ ಕಟ್ಟಿದ ಇಳಿಜಾರನ್ನೇ ಕೆಡಿಸುವುದು. ಆದುದರಿಂದ ಎರೆಯನ್ನು ತೆಗೆದು, ಗರಸು ತುಂಬಿ, ಪದರಪದರವಾಗಿ ಧಮ್ಮಸು ಮಾಡಿ ಹಾಸುವುದು ಲೇಸು. ಆಗಸ್ಟ್ 2019ರ ಮಹಾಪೂರವನ್ನು ಕಂಡ ಕೃಷ್ಣಾತೀರದಲ್ಲಿ ಮನೆಯ ಬುನಾದಿಯನ್ನು ಎತ್ತರಿಸುವುದು ವಿವೇಕವೇ ಸರಿ. ಆದರೆ ಎತ್ತರಿಸುವಾಗಲೇ ಏರಿಗೆ ಬೇಕಾದ ಉದ್ದವನ್ನೂ ಬಿಡಬೇಕು. ನುಣುಪಾದ ಫರಸಿಕಲ್ಲು ಮಳೆಯಲ್ಲಿಯೂ, ಕಬ್ಬಿನ ಹೊಲದ ಕೆಸರಿನಲ್ಲಿಯೂ ಜಾರುವುದರಿಂದ, ಏರಿನ ಮೈಯನ್ನು ಒರಟಾಗಿಸಿ ಅಡ್ಡಗೀರುಗಳನ್ನು ಕೊಡಬೇಕು.

ಏರಿನ ಮೇಲೆಯೇ ವಾಹನ ನಿಲ್ಲಿಸಿ ಕುರ್ಚಿಯನ್ನು ಇಳಿಸುವುದು ಅತ್ಯಂತ ಅಪಾಯಕರ. ಸಮನೆಲದಲ್ಲಿ 6ಕ್ಕೆ 1ರಂತೆ ಇಳಿಯುವ ಹಿಂಬಾಗಿಲ ಹಲಗೆಯು, 100ಕ್ಕೆ 20ರ ಏರನ್ನು ನೋಡಿ ನಿಂತ ವಾಹನದಿಂದ 3ಕ್ಕೆ 1ಕ್ಕಿಂತಲೂ ಕಡಿದಾಗಿ ಇಳಿಯುವುದು. ಕುರ್ಚಿಗಳಿಗೆ ಭಾರತದ ಸುಗಮ್ಯತಾ ಮಾರ್ಗಸೂಚಿಗಳು ಹೇಳುವುದು ಹೆಚ್ಚೆಂದರೆ 12ಕ್ಕೆ 1. ಆದುದರಿಂದ ನೆತ್ತಿಯಲ್ಲಿ ವಾಹನವೂ ಹಲಗೆಯೂ ಹಿಡಿಯುವಷ್ಟು ಸಮತಟ್ಟಾದ ಜಾಗವಿರಬೇಕು. ವಾಹನವಿಲ್ಲದೆ ಕುರ್ಚಿಯಲ್ಲಿಯೇ ಹೋಗಿಬರುವವರಿಗೆ ಈ 7.5 ಮೀಟರಿನ ಏರು ಸಾಲದು. ಅದೇ 90 ಸೆಂಟಿಮೀಟರಿಗೆ ಕನಿಷ್ಠ 10.8 ಮೀಟರ್ ಉದ್ದದ ಬೇರೆ ದಾರಿ ಬೇಕು.

ಗಣಿತದಲ್ಲಿ ಅಭ್ಯಾಸವಿಲ್ಲದವರೂ ಮಾಡಬಹುದಾದ ಪರೀಕ್ಷೆಯೊಂದಿದೆ. ಗಾಲಿಯಂತರದಷ್ಟು ಉದ್ದದ ನೇರವಾದ ಪಟ್ಟಿಯೊಂದರ ಎರಡು ತುದಿಗಳ ಕೆಳಗೆ, ವಾಹನದ ತೆರವಿನಷ್ಟೇ ಎತ್ತರದ ಮರದ ತುಂಡುಗಳನ್ನು ಜಡಿದು ಏರಿನ ಉದ್ದಕ್ಕೂ ಎಳೆಯಬೇಕು. ಪಟ್ಟಿಯ ನಡುಭಾಗವು ಎಲ್ಲಿ ನೆಲಕ್ಕೆ ತಾಗುವುದೋ ಅಲ್ಲಿಯೇ ವಾಹನದ ತಳವೂ ತಾಗುವುದು. ಕಾಂಕ್ರೀಟು ಹಾಕುವ ಮುನ್ನ, ಗರಸಿನ ಮೇಲೆಯೇ ಇದನ್ನು ಮಾಡಿದರೆ ತಿದ್ದಲು ಸುಲಭ.

ಕೆಲವು ಅಂಗುಲಗಳ ಈ ಲೆಕ್ಕವು ಕ್ಷುಲ್ಲಕವೆಂದು ತೋರಬಹುದು. ಆದರೆ ನಡೆಯಲಾರದ ವಿದ್ಯಾರ್ಥಿಯು ಕಾಲೇಜಿಗೆ ಹೋಗುವುದು, ರೋಗಿಯು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುವುದು ಎಷ್ಟೋ ವೇಳೆ ಈ ಅಂಗುಲಗಳನ್ನೇ ಅವಲಂಬಿಸಿದೆಯೆಂಬುದನ್ನು ಮನೆ ಕಟ್ಟಿಸುವವರೂ ಕಟ್ಟುವವರೂ ಮರೆಯಬಾರದು.